ಮಾಲೆ ಹಾಕಿದಾಗ ಬಿಟ್ಟವರು, ತೆಗೆದ ರಾತ್ರಿ ಯಾಕೆ ಕುಡಿದರು?

ಪ್ರಶ್ನೆ: ನಾವು ದಾವಣಗೆರೆಯ ನಿಟುವಳ್ಳಿ ಕಡೆಯವರು. ನಮ್ಮ ಮನೆಯವರು ಗಾರೆ ಕೆಲಸ ಮಾಡುತ್ತಾರೆ. ಕೈಕೆಲಸ ತುಂಬಾ ಚೆನ್ನಾಗಿದೆ ಅಂತ ಹೆಸರಿದೆ, ಆದರೆ ಕುಡಿತ ವಿಪರೀತ. ಹೋದ ವರ್ಷ ಅಯ್ಯಪ್ಪನ ಮಾಲೆ ಹಾಕಿದ್ದರು. 41 ದಿನ ಒಂದು ತೊಟ್ಟೂ ಮುಟ್ಟಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ರಾತ್ರಿಯೇ ಕುಡಿದು ಬಂದರು. ಆಮೇಲೆ ದುಗ್ಗಮ್ಮನ ಗುಡಿಯಲ್ಲಿ ಆಣೆ ಮಾಡಿಸಿದೆ. ಅದೂ ಮೂರು ವಾರಕ್ಕೆ ಮುರಿಯಿತು. ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದರು. ಈಗ ಬೆಳಿಗ್ಗೆ ಕೈ ನಡುಗುತ್ತೆ, ಒಂದು ನೈಂಟಿ ಹಾಕಿದ ಮೇಲೇ ಕರಣೆ ಹಿಡಿಯೋದು. ಮಾಲೆ ಹಾಕಿದಾಗ ಬಿಡೋಕೆ ಆಯ್ತಲ್ಲ, ಹಾಗಾದರೆ ಬೇಕಂತಲೇ ಕುಡಿಯುತ್ತಾರಾ? ಸಾರಿನಲ್ಲಿ ಗೊತ್ತಾಗದಂತೆ ಹಾಕುವ ಪುಡಿ ಇದೆಯಂತೆ, ಹಾಕಲಾ? ನಮ್ಮಣ್ಣ ಮೂರು ತಿಂಗಳು ಕುಡಿತ ಬಿಡಿಸುವ ಸೆಂಟರ್‌ಗೆ ಸೇರಿಸಿಬಿಡು ಅಂತಾನೆ. ಏನು ಮಾಡಲಿ?

ಉತ್ತರ: ಮೊದಲು ಪುಡಿಯ ಮಾತು, ಯಾಕೆಂದರೆ ಅದನ್ನು ನೀವು ಇವತ್ತು ರಾತ್ರಿಯೇ ಹಾಕಿಬಿಡಬಹುದು. ಬೇಡ. ಕುಡಿತ ಬಿಡಿಸುವ ಪುಡಿ ಅಂತ ಮಾರುವ ಪೊಟ್ಟಣಗಳಲ್ಲಿ ಏನಿದೆ ಅಂತ ಎಷ್ಟೋ ಸಲ ಬರೆದೇ ಇರುವುದಿಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಹೊಡೆದು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ಗಟ್ಟಿ ಇಲ್ಲದವರು ಸತ್ತೇ ಹೋಗಬಹುದು. ಆ ಮಾತ್ರೆ ಕೆಟ್ಟದ್ದಲ್ಲ. ಕುಡಿಯುವವರಿಗೇ ಎಲ್ಲ ತಿಳಿಸಿ, ಅವರು ಒಪ್ಪಿ, ಡಾಕ್ಟರು ಲಿವರ್ ಪರೀಕ್ಷೆ ಮಾಡಿಸಿ ಕೊಟ್ಟರೆ ಕೆಲವರಿಗೆ ಚೆನ್ನಾಗಿ ಉಪಯೋಗವಾಗುತ್ತದೆ. ಕದ್ದು ಸಾರಿಗೆ ಹಾಕುವುದು ಬೇರೆ ವಿಷಯ. ಹೇಗೋ ಏನೂ ಅಪಾಯ ಆಗಲಿಲ್ಲ ಅಂತಲೇ ಇಟ್ಟುಕೊಳ್ಳಿ. ಗೊತ್ತಾದ ದಿನ ನಿಮ್ಮ ಕೈ ಊಟವನ್ನೇ ಅವರು ನಂಬುವುದಿಲ್ಲ.

ಎರಡನೆಯದು ಬೆಳಗಿನ ನಡುಕ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ಮನಸ್ಸಿನ ಕಾಯಿಲೆಯ ಲಕ್ಷಣ ಅಲ್ಲ, ಮೈ ಮದ್ಯಕ್ಕೆ ಒಗ್ಗಿಹೋಗಿದೆ ಅನ್ನುವುದರ ಗುರುತು. ಹೋದ ವರ್ಷ ಮಾಲೆ ಹಾಕಿದಾಗ ಒಂದೇ ದಿನಕ್ಕೆ ಬಿಟ್ಟಿದ್ದರು, ಏನೂ ಆಗಲಿಲ್ಲ. ಈಗ ಹಾಗೆ ಬಿಡಿಸಲು ಹೋಗಬೇಡಿ. ಈ ಹಂತದಲ್ಲಿ ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಕ್ಕು ತಪ್ಪಿದಂತಾಗುತ್ತದೆ. ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಬಾಗಿಲಲ್ಲಿ ನಿಂತಂತೆ ಕಾಣುತ್ತದೆ. ಗಾಳಿ ಸೋಕಿದೆ ಅಂತ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋಗೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಜ್ಜಯ್ಯನ ದರ್ಶನ ಆಮೇಲೆ ಮಾಡಬಹುದು, ಮೊದಲು ಆಸ್ಪತ್ರೆ. ಅದು ಜೀವಕ್ಕೆ ಕುತ್ತು ತರುವ ಸ್ಥಿತಿ. ಡಾಕ್ಟರ ಕೈಯಲ್ಲಿ ಅದನ್ನು ತಡೆಯುವುದು ಕಷ್ಟವೇನಲ್ಲ. ನಡುಕ ಇಳಿಸುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ನಿಧಾನಕ್ಕೆ ಕಡಿಮೆ ಮಾಡುತ್ತಾರೆ, ಜೊತೆಗೆ ಥಯಮಿನ್ ಅಂದರೆ ಬಿ1 ವಿಟಮಿನ್. ಇಷ್ಟಾದರೆ ಮೈ ಸುಧಾರಿಸುತ್ತದೆ. ಆದರೆ ಮೈ ಸುಧಾರಿಸಿದ್ದಕ್ಕೇ ಕುಡಿತ ಹೋಯಿತು ಅಂದುಕೊಂಡು ಮನೆಗೆ ಬಂದುಬಿಡುತ್ತಾರೆ. ಎಡವುವುದು ಇಲ್ಲೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬೇಕಂತಲೇ ಕುಡಿಯುತ್ತಾರಾ?

ಮಾಲೆ ಹಾಕಿದ ಆ 41 ದಿನ ನಿಮ್ಮ ಮನೆಯಲ್ಲಿ ಏನೇನು ನಡೆಯಿತು, ಒಂದು ಸಲ ನೆನಪಿಸಿಕೊಳ್ಳಿ. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ. ಮೈಮೇಲೆ ಕಪ್ಪು ಬಟ್ಟೆ, ಕಾಲಿಗೆ ಚಪ್ಪಲಿ ಇಲ್ಲ. ಆ ವೇಷದಲ್ಲಿ ಬಾರ್ ಮೆಟ್ಟಿಲು ಹತ್ತುವುದಕ್ಕೇ ಆಗುವುದಿಲ್ಲ. ಹತ್ತಿದರೂ ಕೊಡುವವನೇ ‘ಏನ್ ಸ್ವಾಮಿ ಇದು’ ಅಂತಾನೆ. ಸಂಜೆ ಕೆಲಸ ಬಿಟ್ಟ ಮೇಲೆ ಹೋಗಲು ಒಂದು ಜಾಗ ಇತ್ತು, ಸನ್ನಿಧಾನ. ಅಲ್ಲಿ ಭಜನೆ, ಶರಣು ಘೋಷ, ಪ್ರಸಾದ, ಜೊತೆಗೆ ಇನ್ನೂ ಹತ್ತಾರು ಮಾಲಾಧಾರಿಗಳು. ತಪ್ಪಿದರೆ ಕೇಳಲು ಗುರುಸ್ವಾಮಿ. ದುಡ್ಡು ಇರುಮುಡಿಗೆ, ಪೂಜೆಗೆ, ಬಸ್ಸಿಗೆ ಅಂತ ಮೊದಲೇ ಎತ್ತಿಟ್ಟಿತ್ತು. ಬೀದಿಯವರೆಲ್ಲ, ಮೊನ್ನೆವರೆಗೆ ‘ಕುಡುಕ’ ಅಂದವರೂ ಸೇರಿ, ಸ್ವಾಮಿ ಅಂತ ಕರೆದರು. ಇನ್ನೊಂದು ನೀವು ಗಮನಿಸಿರಲಿಕ್ಕಿಲ್ಲ. ಆ ದಿನಗಳಲ್ಲಿ ನೀವೂ ಅವರನ್ನು ಬೈಯಲಿಲ್ಲ. ಸ್ವಾಮಿಗೆ ಬೈಯುವ ಹಾಗಿಲ್ಲ, ಅಲ್ವಾ?

ಮಾಲೆ ತೆಗೆದ ರಾತ್ರಿ ಇದೆಲ್ಲ ಒಟ್ಟಿಗೇ ಹೋಯಿತು. ಬಟ್ಟೆ ಹೋಯಿತು, ಸನ್ನಿಧಾನ ಹೋಯಿತು, ಗುಂಪು ಚದುರಿತು, ಹೆಸರೂ ಹೋಯಿತು. ಸಂಜೆ ಏಳಕ್ಕೆ ಏನು ಮಾಡಬೇಕು ಅನ್ನುವುದಕ್ಕೆ ಹಳೇ ಉತ್ತರ ಒಂದೇ ಉಳಿಯಿತು. ಅವರ ಭಕ್ತಿ ಸುಳ್ಳಲ್ಲ. ಬಿಡುವ ಮನಸ್ಸೂ ಸುಳ್ಳಲ್ಲ. ಮನಸ್ಸಿನ ಸುತ್ತ ಕಟ್ಟಿದ್ದ ವ್ಯವಸ್ಥೆಯನ್ನು ಒಂದೇ ದಿನ ಪೂರ್ತಿ ಬಿಚ್ಚಿದರೆ ಮನಸ್ಸು ಒಂದೇ ನಿಲ್ಲುವುದಿಲ್ಲ. ನಡವಳಿಕೆ ಬದಲಿಸುವ ಚಿಕಿತ್ಸೆ ಅಂತ ನಾವು ಆಸ್ಪತ್ರೆಯಲ್ಲಿ ಮಾಡುವುದರ ಬಹುಪಾಲು ಆ ಮಾಲೆಯ ದಿನಗಳಲ್ಲೇ ಇತ್ತು. ತೆಗೆಯುವ ದಿನಕ್ಕೆ ಒಂದು ತಯಾರಿ ಮಾತ್ರ ಇರಲಿಲ್ಲ.

ಇದಕ್ಕೆ ದೂರದ ಒಂದು ಉದಾಹರಣೆ ಹೇಳುತ್ತೇನೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಿಗೊಬ್ಬ ಅಲ್ಲಿ ಹೆರಾಯಿನ್‌ನಂಥ ಮಾದಕಗಳ ಚಟಕ್ಕೆ ಬಿದ್ದಿದ್ದ. 1971ರಲ್ಲಿ ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ನೋಡಿದರು. ಅಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ ಮೂರು ವರ್ಷದೊಳಗೆ ಮತ್ತೆ ಚಟ ಹಿಡಿಸಿಕೊಂಡವರು ನೂರಕ್ಕೆ 12 ಮಂದಿ ಮಾತ್ರ. ಹೆರಾಯಿನ್ ಅದೇ, ಮನುಷ್ಯರೂ ಅವರೇ. ಆದರೆ ಅದನ್ನು ನೆನಪಿಸುವ ಜಾಗ, ಜೊತೆಗಾರರು, ದಿನಚರಿ ಎಲ್ಲ ಸಮುದ್ರದ ಆಚೆ ಉಳಿದಿದ್ದವು.

ನಿಮ್ಮಣ್ಣ ಹೇಳುವ ಸೆಂಟರ್ ಇದಕ್ಕೆ ತಿರುಗುಮುರುಗು. ಮೂರು ತಿಂಗಳು ಬಾರ್ ಇಲ್ಲದ ಜಾಗದಲ್ಲಿ ಇಟ್ಟು, ಆಮೇಲೆ ಅದೇ ರಸ್ತೆಗೆ, ಅದೇ ಮೇಸ್ತ್ರಿ ಹತ್ತಿರಕ್ಕೆ, ಅದೇ ಶನಿವಾರದ ಬಟವಾಡೆಗೆ ವಾಪಸ್ ಬಿಡುವುದು. ಕೆಲವರಿಗೆ ಒಳಗಿರುವ ಚಿಕಿತ್ಸೆ ಬೇಕೇ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಹೊರಗೆ ಬಂದ ಮೇಲಿನ ದಿನಕ್ಕೆ ಏನು ಯೋಜನೆ ಅಂತ ಕೇಳಿ. ಉತ್ತರ ಇಲ್ಲದ ಕಡೆ ಸೇರಿಸಬೇಡಿ. ಮದ್ಯದ ಚಟವೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತದೆ. ಅಂಥ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ನೋಂದಣಿ ಇರಬೇಕು, ಸರಪಳಿ ಹಾಕಿ ಕೂಡಿಹಾಕುವ ಹಾಗಿಲ್ಲ. ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಅನ್ನುವವರಿಂದ ದೂರ ಇರಿ.

ಹಾಗಾದರೆ ನೀವು ಮಾಡಬಹುದಾದದ್ದು ಏನು? ಚಟ ಇರುವವರು ಚಿಕಿತ್ಸೆಗೆ ಒಪ್ಪದಿದ್ದಾಗ ಮನೆಯವರಿಗೇ ತರಬೇತಿ ಕೊಡುವ ಒಂದು ವಿಧಾನ ಇದೆ. ಅಮೆರಿಕದ ರಾಬರ್ಟ್ ಮೇಯರ್ಸ್ ರೂಪಿಸಿದ್ದು, ಕ್ರಾಫ್ಟ್ ಅಂತ ಹೆಸರು. 1999ರಲ್ಲಿ ಇದನ್ನು ಬೇರೆ ಎರಡು ವಿಧಾನಗಳ ಜೊತೆ ಹೋಲಿಸಿ ನೋಡಿದರು. ಮನೆಮಂದಿಯೆಲ್ಲ ಸೇರಿ ಎದುರಿಗೆ ಕೂರಿಸಿಕೊಂಡು ತರಾಟೆಗೆ ತೆಗೆದುಕೊಳ್ಳುವ ವಿಧಾನದಲ್ಲಿ ನೂರಕ್ಕೆ 30 ಮಂದಿ ಚಿಕಿತ್ಸೆಗೆ ಬಂದರು. ‘ನೀನು ನಿನ್ನ ಪಾಡು ನೋಡಿಕೋ, ಅವನನ್ನು ಬದಲಿಸಲು ಹೋಗಬೇಡ’ ಅನ್ನುವ ವಿಧಾನದಲ್ಲಿ 13. ಕ್ರಾಫ್ಟ್‌ನಲ್ಲಿ 64. ನನ್ನ ಅನುಭವದಲ್ಲೂ ನಮ್ಮ ಕಡೆಯ ಮನೆಗಳಿಗೆ ಇದು ಹೊಂದುತ್ತದೆ. ಯಾಕೆಂದರೆ ನಮ್ಮಲ್ಲಿ ಹೆಂಡತಿಗೆ ‘ಬಿಟ್ಟುಬಿಡು’ ಅನ್ನುವ ಸಲಹೆಯಿಂದ ಏನೂ ಆಗುವುದಿಲ್ಲ, ಸಂಸಾರ ಅಲ್ಲೇ ನಡೆಯಬೇಕು.

ಶುರು ಮಾಡುವುದು ಲೆಕ್ಕದಿಂದ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಎರಡು ವಾರ ಗುರುತು ಹಾಕಿ. ಯಾವ ದಿನ ಜಾಸ್ತಿ, ಯಾವ ದಿನ ಕಡಿಮೆ, ಯಾರ ಜೊತೆ, ಅದಕ್ಕೂ ಮುಂಚೆ ಏನಾಗಿತ್ತು. ಕುಡಿತ ‘ದಿನಾ’ ಅಂತ ನಾವು ಅಂದುಕೊಂಡಿರುತ್ತೇವೆ, ಬರೆದು ನೋಡಿದರೆ ಅದಕ್ಕೂ ಒಂದು ದಾರಿ ಇರುತ್ತದೆ. ಗಾರೆ ಕೆಲಸದವರಲ್ಲಿ ಬಹಳ ಸಲ ಆ ದಾರಿ ಶನಿವಾರದ ಬಟವಾಡೆಯಿಂದ ಹೊರಡುತ್ತದೆ. ಚಿಲ್ಲರೆ ಇಲ್ಲ ಅಂತ ಮೇಸ್ತ್ರಿ ಎಲ್ಲರನ್ನೂ ಬಾರ್‌ಗೇ ಕರೆದುಕೊಂಡು ಹೋಗಿ ನೋಟು ಮುರಿಸಿ ಹಂಚುವುದೂ ಉಂಟು. ಅಲ್ಲಿ ನಿಂತವರಿಗೆ ‘ಮನಸ್ಸು ಗಟ್ಟಿ ಮಾಡು’ ಅನ್ನುವುದು ಸುಮ್ನೆ ಮಾತು. ಬಟವಾಡೆ ಫೋನ್‌ಪೇಗೆ ಬರುವ ಹಾಗೆ ಅಥವಾ ಭಾನುವಾರ ಬೆಳಿಗ್ಗೆ ಕೈಗೆ ಸಿಗುವ ಹಾಗೆ ಆದರೆ ಅರ್ಧ ಜಗಳ ಕಡಿಮೆಯಾದೀತು. ಆದರೆ ಇದನ್ನು ಅವರೇ ಮೇಸ್ತ್ರಿಗೆ ಹೇಳಬೇಕು. ನೀವು ಸೈಟ್ ಹತ್ತಿರ ಹೋಗಿ ನಾಲ್ಕು ಜನರ ಎದುರು ಕೂಲಿ ಇಸಿದುಕೊಂಡರೆ ಅವತ್ತು ರಾತ್ರಿ ಆ ಅವಮಾನಕ್ಕೇ ಕುಡಿಯುತ್ತಾರೆ.

ಆಮೇಲೆ ಆ ಖಾಲಿ ಸಂಜೆ. ಕುಡಿತವನ್ನು ತೆಗೆದ ಜಾಗದಲ್ಲಿ ಏನಾದರೂ ಇಡದಿದ್ದರೆ ಅದೇ ವಾಪಸ್ ಬರುತ್ತದೆ. ಮದ್ಯಕ್ಕೆ ಪೈಪೋಟಿ ಕೊಡುವ ಬದುಕು ಕಟ್ಟಿಕೊಡಬೇಕು ಅನ್ನುವುದನ್ನು 1973ರಲ್ಲೇ ಹಂಟ್ ಮತ್ತು ಆಜ್ರಿನ್ ಎಂಬಿಬ್ಬರು ಮಾಡಿ ತೋರಿಸಿದ್ದರು. ಅವರು ಕುಡಿತ ಬಿಟ್ಟವರಿಗೆ ಕೆಲಸ, ಸಂಸಾರ, ಗೆಳೆಯರ ಕೂಟ ಎಲ್ಲ ಸರಿಯಾಗಲು ನೆರವಾದರು. ಕುಡಿಯದೆ ಬಂದ ಸಂಜೆ ಮನೆ ಚೆನ್ನಾಗಿರಬೇಕು, ಇಷ್ಟೇ ಅದರ ತಿರುಳು. ಮಗಳನ್ನು ಕರೆದುಕೊಂಡು ಬೆಣ್ಣೆ ದೋಸೆ ತಿಂದು ಬರಲಿ. ಭಾನುವಾರ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು, ಇಲ್ಲ ಹರಿಹರೇಶ್ವರನ ಗುಡಿ. ಮಂಡಕ್ಕಿ ಮೆಣಸಿನಕಾಯಿ ಮಾತ್ರ ಸ್ವಲ್ಪ ನೋಡಿಕೊಂಡು. ದಾವಣಗೆರೆಯಲ್ಲಿ ಹೀಗೆ ಹೇಳಿದರೆ ಬೈಯುತ್ತೀರಿ, ಆದರೆ ಎಷ್ಟೋ ಜನಕ್ಕೆ ಅದು ಎಣ್ಣೆ ಜೊತೆ ನೆಂಚಿಕೊಳ್ಳುವ ತಿಂಡಿ. ಮೆಣಸಿನಕಾಯಿ ಕರಿಯುವ ವಾಸನೆಗೇ ನಾಲಿಗೆ ಇನ್ನೊಂದನ್ನು ಕೇಳುತ್ತದೆ. ನಿಮ್ಮ ಮನೆಯವರಿಗೆ ಹಾಗಿದೆಯಾ ಅಂತ ಅವರನ್ನೇ ಕೇಳಿ.

ಮೆಚ್ಚುಗೆ ಅವತ್ತೇ ಸಿಗಬೇಕು, ಇದು ಮುಖ್ಯ. ‘ಬಿಟ್ಟರೆ ಲಿವರ್ ಉಳಿಯುತ್ತೆ’ ಅನ್ನುವ ಲಾಭ ಹತ್ತು ವರ್ಷ ದೂರ ಇದೆ. ನೈಂಟಿಯ ಲಾಭ ಹತ್ತು ನಿಮಿಷದಲ್ಲಿದೆ. ದೂರದ ದೊಡ್ಡದಕ್ಕಿಂತ ಹತ್ತಿರದ ಸಣ್ಣದೇ ಗೆಲ್ಲುತ್ತದೆ. ಹಾಗಾಗಿ ಚಿಕಿತ್ಸೆಯ ಕಡೆಗೂ ಹತ್ತಿರದ ಸಣ್ಣದು ಏನಾದರೂ ಬೇಕು. ಅಮೆರಿಕದ ವರ್ಮಾಂಟ್‌ನಲ್ಲಿ ಸ್ಟೀಫನ್ ಹಿಗಿನ್ಸ್ ಎಂಬುವರು 1990ರ ದಶಕದಲ್ಲಿ ಕೊಕೇನ್ ಚಟದವರಿಗೆ ಪ್ರತಿ ಸಲ ಮೂತ್ರ ಪರೀಕ್ಷೆ ಶುದ್ಧ ಬಂದರೆ ಸಾಮಾನು ಕೊಳ್ಳುವ ವೋಚರ್ ಕೊಟ್ಟರು. ಬರೀ ಮಾತಿನ ಚಿಕಿತ್ಸೆಗಿಂತ ಅದು ಚೆನ್ನಾಗಿ ಕೆಲಸ ಮಾಡಿತು. ಲಂಚ ಕೊಟ್ಟ ಹಾಗಾಯಿತಲ್ಲ ಅಂತ ಆಗಲೂ ಜನ ಮೂಗು ಮುರಿದರು, ಈಗಲೂ ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ‘ಸ್ವಾಮಿ’ ಅಂತ ಬೀದಿಯವರು ಕರೆದದ್ದೂ ಇಂಥದ್ದೇ ಕೈಯಲ್ಲಿನ ಲಾಭ. ನೀವು ದುಡ್ಡು ಕೊಡಬೇಕಿಲ್ಲ. ಕುಡಿಯದೆ ಬಂದ ದಿನ ಅವರಿಗೆ ಇಷ್ಟದ ಸಾರು ಮಾಡಿ, ಪಕ್ಕ ಕೂತು ಊಟಕ್ಕೆ ಬಡಿಸಿ, ‘ಇವತ್ತು ಮನೆ ಮನೆ ಥರ ಇದೆ’ ಅಂತ ಒಂದು ಮಾತು ಹೇಳಿ. ಕುಡಿದು ಬಂದ ದಿನ ಜಗಳ ಬೇಡ, ಉಪಚಾರವೂ ಬೇಡ. ಊಟ ಮುಚ್ಚಿಟ್ಟು ನೀವು ಮಕ್ಕಳ ಜೊತೆ ಮಲಗಿ.

ಮಾರನೇ ದಿನ ಮೇಸ್ತ್ರಿಗೆ ಫೋನ್ ಮಾಡಿ ‘ಜ್ವರ ಬಂದಿದೆ’ ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿ. ಮಗಳನ್ನು ಬಾರ್ ಬಾಗಿಲಿಗೆ ಕಳಿಸಿ ಅಪ್ಪನನ್ನು ಕರೆಸುವುದು ಇದ್ದರೆ ಅದನ್ನು ಇವತ್ತಿಗೇ ಬಿಡಿ.

ಈ ಮಾತೆಲ್ಲ ಅವರು ಕೈ ಎತ್ತದವರು ಅಂದುಕೊಂಡು ಹೇಳಿದ್ದು. ಹೊಡೆಯುತ್ತಾರೆ ಅಂದರೆ ಲೆಕ್ಕವೇ ಬೇರೆ. ಆಗ ಮೊದಲು ನೀವು, ಮಕ್ಕಳು ಕ್ಷೇಮವಾಗಿರುವ ಜಾಗ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಇನ್ನು ಮಾತಾಡುವ ರೀತಿ. ‘ಬಿಡ್ತೀರೋ ಇಲ್ವೋ’ ಅಂದರೆ ಅವರ ಬಾಯಿಂದ ಬರುವುದು ಕುಡಿತದ ಪರವಾದ ಮಾತೇ. ‘ಮೈ ನೋವು, ನಿನಗೇನು ಗೊತ್ತು ಇಟ್ಟಿಗೆ ಹೊತ್ತ ಕಷ್ಟ’ ಅಂತ ವಾದಿಸುತ್ತಾರೆ. ವಾದಿಸಿದಷ್ಟೂ ಅದನ್ನೇ ನಂಬುತ್ತಾರೆ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಗಮನಿಸಿ 1983ರಲ್ಲಿ ಒಂದು ಹೊಸ ಮಾತುಕತೆಯ ಕ್ರಮ ಬರೆದರು. ಬಿಡಬೇಕು ಅನ್ನುವ ಮಾತು ಕುಡಿಯುವವರ ಬಾಯಿಂದಲೇ ಹೊರಡುವ ಹಾಗೆ ಪ್ರಶ್ನೆ ಕೇಳುವುದು. ನಾವು ಹೀಗೆ ಕೇಳುತ್ತೇವೆ: ‘ಕುಡಿತ ಕಡಿಮೆ ಮಾಡೋದು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ.’ ಅವರು ‘ನಾಲ್ಕು’ ಅಂತಾರೆ. ‘ಯಾಕೆ ಬರೀ ನಾಲ್ಕು’ ಅಂತ ಕೇಳಬಾರದು. ‘ಸೊನ್ನೆ ಅನ್ನಲಿಲ್ಲ, ನಾಲ್ಕು ಅಂದಿರಿ. ಯಾಕೆ?’ ಅಂತ ಕೇಳಬೇಕು. ಆಗ ಮಗಳ ಮಾತು ಬರುತ್ತದೆ, ಕೈ ನಡುಗಿ ಪ್ಲಾಸ್ಟರಿಂಗ್ ಡೊಂಕಾದ ಮಾತು ಬರುತ್ತದೆ. ನೀವು ಹೂಂಗುಟ್ಟಿದರೆ ಸಾಕು. ಕೇಳುವ ಹೊತ್ತು ಮಾತ್ರ ಸರಿಯಾಗಿರಲಿ. ಕುಡಿದಾಗ ಬೇಡ, ನಡುಕದಲ್ಲಿದ್ದಾಗ ಬೇಡ. ಕೆಲಸ ಇಲ್ಲದ ದಿನ, ಹೊಟ್ಟೆ ತುಂಬಿದ ಮೇಲೆ.

ದುಗ್ಗಮ್ಮನ ಆಣೆ ಬಗ್ಗೆ ಹೇಳಿದ್ದೀರಿ. ದೇವರ ಮೇಲಿನ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಆಣೆಯಲ್ಲಿ ಒಂದು ತೊಡಕಿದೆ. ಅದು ಪೂರ್ತಿ ಇರುತ್ತದೆ, ಇಲ್ಲವೇ ಪೂರ್ತಿ ಮುರಿಯುತ್ತದೆ. ಬೀಗರ ಊಟದಲ್ಲಿ ಯಾರೋ ಒತ್ತಾಯ ಮಾಡಿ ಒಂದು ಗುಟುಕು ಕುಡಿಸಿದರು ಅಂದುಕೊಳ್ಳಿ. ‘ಹೆಂಗೂ ಆಣೆ ತಪ್ಪಿತು, ಇನ್ನೇನು ಉಳಿದಿದೆ’ ಅಂತ ಕ್ವಾರ್ಟರ್ ಮುಗಿಸುತ್ತಾರೆ, ಪಾಪಪ್ರಜ್ಞೆಗೆ ಮಾರನೇ ದಿನವೂ ಕುಡಿಯುತ್ತಾರೆ. ಜಾರುವುದು ಬೇರೆ, ಬಿದ್ದೇ ಹೋಗುವುದು ಬೇರೆ ಅಂತ ಆಲನ್ ಮಾರ್ಲಟ್ ಎಂಬುವರು 1980ರ ದಶಕದಲ್ಲಿ ತಿಳಿಸಿಕೊಟ್ಟಿದ್ದು ಇದನ್ನೇ. ಜಾರಿದ ರಾತ್ರಿ ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಂಡಿರಬೇಕು. ಯಾರಿಗೆ ಫೋನ್ ಮಾಡುತ್ತಾರೆ? ಮಾರನೇ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾರೆ? ಕ್ಯಾಲೆಂಡರ್‌ನಲ್ಲಿ ಒಂದು ದಿನ ಕೆಟ್ಟಿದೆ, ಹಿಂದಿನ ಇಪ್ಪತ್ತು ದಿನ ಅಳಿಸಿಹೋಗಿಲ್ಲ ಅಂತ ನೀವೂ ನಂಬಬೇಕು.

‘ಕುಡಿಯಲ್ಲ’ ಅನ್ನುವ ಆಣೆಗಿಂತ ‘ಹೀಗಾದರೆ ಹೀಗೆ ಮಾಡ್ತೀನಿ’ ಅನ್ನುವ ಸಣ್ಣ ಯೋಜನೆ ಮೇಲು. ಬಟವಾಡೆ ಆದ ಮೇಲೆ ಗೆಳೆಯ ಹೆಗಲ ಮೇಲೆ ಕೈ ಹಾಕಿದರೆ, ‘ಮಗಳನ್ನ ಟ್ಯೂಷನ್ನಿಂದ ಕರ್ಕೊಂಡು ಬರಬೇಕು ಕಣೋ’ ಅಂತ ಹೇಳಿ ಗಾಡಿ ಸ್ಟಾರ್ಟ್ ಮಾಡುತ್ತೇನೆ. ಮಾತೂ ಅದೇ ಇರಲಿ, ಮನೆಯಲ್ಲಿ ಒಂದೆರಡು ಸಲ ಹೇಳಿ ನೋಡಲಿ. ನಗು ಬರಬಹುದು, ಬರಲಿ.

ನಾಲ್ಕು ಜನರ ಎದುರು ಬಿಡುವುದಕ್ಕೆ ಒಂದು ಬಲ ಇದೆ, ಅದನ್ನೂ ಹೇಳಬೇಕು. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ಚಟವನ್ನು ಭಿಕ್ಷೆ ಹಾಕಿ ಅಂತ ಕೇಳುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನ ಅಂತ ಆಚರಿಸುತ್ತಾರೆ. ಜೋಳಿಗೆಗೆ ಹಾಕಿದವನನ್ನು ಮಾರನೇ ದಿನ ಇಡೀ ಬೀದಿ ನೋಡುತ್ತಿರುತ್ತದೆ. ನಾಲ್ಕು ಗೋಡೆಯೊಳಗಿನ ಆಣೆಗೆ ಆ ಕಾವಲು ಇಲ್ಲ. ನಿಮ್ಮ ಮನೆಯವರಿಗೆ ಆ ಕಾವಲು ಕೊಡುವ ಗುಂಪು ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು, ಈಗ ಕನ್ನಡದಲ್ಲೂ ಸಭೆಗಳು ನಡೆಯುತ್ತವೆ. ಫೀಸು ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಮಾಲೆ ತೆಗೆಯುವ ದಿನವೇ ಇಲ್ಲದ ಸನ್ನಿಧಾನ ಅಂತ ನಾನು ಅದನ್ನು ಪರಿಚಯಿಸುತ್ತೇನೆ, ಅಯ್ಯಪ್ಪ ಭಕ್ತರಿಗೆ ಬೇಗ ಅರ್ಥವಾಗುತ್ತದೆ. ಗುರುಸ್ವಾಮಿಗಳು ಒಪ್ಪಿದರೆ, ಮಾಲೆ ಇಲ್ಲದ ದಿನಗಳಲ್ಲೂ ಸಂಜೆ ಭಜನೆಗೆ ಬಂದು ಹೋಗುವ ಹಾಗೆ ಮಾಡಿ.

ಎಷ್ಟು ದಿನ ಬೇಕು? ನೀರು ಕುಡಿಯುವುದು, ವಾಕ್ ಮಾಡುವುದು, ಇಂಥ ಸಣ್ಣ ಒಳ್ಳೇ ಅಭ್ಯಾಸವೇ ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕು ಅಂತ ಲಂಡನ್ನಿನ ಫಿಲಿಪಾ ಲಾಲಿ ತಂಡ ಕಂಡುಕೊಂಡಿತು. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ಬೇಕು ಅನ್ನುವ ಲೆಕ್ಕ ಬಂತು. ಚಟ ಬಿಡುವುದು ಇದಕ್ಕಿಂತ ಕಷ್ಟದ್ದು. 41 ದಿನದಲ್ಲಿ ಸಂಜೆ ಏಳರ ಹಳೇ ಅಭ್ಯಾಸ ಸಾಯುವುದಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ದೊಡ್ಡ ಊರಿನ ದೊಡ್ಡ ಡಾಕ್ಟರೇ ಬೇಕು ಅಂತೇನಿಲ್ಲ. ಗೋವಾದಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಸ್ಥಳೀಯರೇ ಕುಡಿತ ಜಾಸ್ತಿಯಾದ ಗಂಡಸರಿಗೆ ಹೆಚ್ಚೆಂದರೆ ನಾಲ್ಕು ಸಲ ಕೂರಿಸಿ ಮಾತಾಡಿದರು. ಮೂರು ತಿಂಗಳಿಗೆ ಅವರಲ್ಲಿ ನೂರಕ್ಕೆ 36 ಮಂದಿ ಹಾನಿಯ ಮಟ್ಟದ ಕುಡಿತದಿಂದ ಹೊರಗಿದ್ದರು. ಆ ಮಾತುಕತೆ ಸಿಗದವರಲ್ಲಿ 26. 2017ರಲ್ಲಿ ಪ್ರಕಟವಾದ ಅಧ್ಯಯನ ಇದು. ಇದರಲ್ಲಿ ಪವಾಡ ಇಲ್ಲ, ನೂರಕ್ಕೆ ಹತ್ತು ಜನದ ವ್ಯತ್ಯಾಸ. ಆದರೆ ಅಷ್ಟು ಸರಳ ಮಾತುಕತೆಗೆ ಹತ್ತು ಸಂಸಾರ ಅಂದರೆ ನನಗೆ ಅದು ಕಡಿಮೆ ಅನ್ನಿಸುವುದಿಲ್ಲ. ನಿಮ್ಮ ಮನೆಯವರಿಗೆ ನಡುಕ ಇರುವುದರಿಂದ ಬರೀ ಮಾತು ಸಾಲದು, ಮಾತ್ರೆಯೂ ಬೇಕು. ಆಸೆ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಮಾತ್ರೆಗಳೂ ಇವೆ. ಯಾವುದು ಹೊಂದುತ್ತದೆ ಅಂತ ಲಿವರ್, ಕಿಡ್ನಿ ನೋಡಿ ಡಾಕ್ಟರು ಹೇಳುತ್ತಾರೆ.

ದಾವಣಗೆರೆಯಲ್ಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಮನೋವೈದ್ಯರನ್ನು ನೋಡಬೇಕು ಅಂತ ಕೇಳಿ. ‘ಹುಚ್ಚರ ಡಾಕ್ಟರ ಹತ್ರ ನಾನ್ಯಾಕೆ’ ಅಂದರೆ ‘ಕೈ ನಡುಕಕ್ಕೆ ತೋರಿಸೋಣ’ ಅನ್ನಿ, ಅದು ಸುಳ್ಳೂ ಅಲ್ಲ. ಅವರು ಬರಲೇ ಇಲ್ಲ ಅಂದರೆ ನೀವೊಬ್ಬರೇ ಹೋಗಿ, ಹೆಂಡತಿ ಬಂದರೂ ನಾವು ಮಾತಾಡುತ್ತೇವೆ. ಹೋಗಲು ಆಗದ ದಿನ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಚಟದ ವಿಷಯಕ್ಕೇ ಅಂತ 14446 ಇದೆ. ಎರಡೂ ಪುಕ್ಕಟೆ. ಡಾಕ್ಟರ ಎದುರು ಈ ನಾಲ್ಕು ವಿಷಯ ಮರೆಯದೆ ಹೇಳಿ: ದಿನಕ್ಕೆ ಎಷ್ಟು ಕ್ವಾರ್ಟರ್ ಆಗುತ್ತೆ, ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಎಂದಾದರೂ ಫಿಟ್ಸ್ ಅಥವಾ ಕಾಮಾಲೆ ಆಗಿತ್ತಾ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.